ಗಾಳಿಗೆ ಎದೆಯೊಡ್ಡಿದ ಪುಷ್ಪಕ

2024ರ ಜೂನ್ 23, ಭಾನುವಾರ, ಬೆಳಗ್ಗೆ 7.10. ಚಳ್ಳಕೆರೆಯ ಬಯಲಿನ ಮೇಲೆ ನಾಲ್ಕೂವರೆ ಕಿಲೋಮೀಟರ್ ಎತ್ತರ. ವಾಯುಪಡೆಯ ಚಿನೂಕ್ ಹೆಲಿಕಾಪ್ಟರು ತನ್ನ ಹಿಡಿತ ಬಿಟ್ಟಿತು. ಇಸ್ರೋದ ಮರುಬಳಕೆಯ ರೆಕ್ಕೆವಾಹನ ‘ಪುಷ್ಪಕ’ ಬೀಳತೊಡಗಿತು!

ಓಡಿಸುವ ಎಂಜಿನ್ ಇಲ್ಲ, ಪೈಲಟ್ ಇಲ್ಲ. ಗುರಿ ತಪ್ಪಿದರೆ ಇನ್ನೊಂದು ಸುತ್ತು ಹಾಕಿ ಬರುವ ಮಾತೇ ಇಲ್ಲ. ವರವು ಕಾವಲಿನ ಡಿಆರ್‌ಡಿಒ ರನ್‌ವೇ ನಾಲ್ಕೂವರೆ ಕಿಲೋಮೀಟರ್ ದೂರ, ಅದೂ ನೇರಕ್ಕಿಲ್ಲ. ಬೇಕೆಂದೇ 500 ಮೀಟರ್ ಪಕ್ಕಕ್ಕೆ ಸರಿಸಿ ಬಿಟ್ಟಿದ್ದರು. ಮಾರ್ಚಿನಲ್ಲಿ ಇದೇ ಒಡಲು ಇಳಿದಾಗ ಆ ಅಂತರ ಬರೀ 150 ಮೀಟರ್. ಮೇಲಾಗಿ ಗಾಳಿ. ಆರಿದ್ರಾ ಮಳೆಯ ಹೊತ್ತಿಗೆ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಬೀಸುವ ಗಾಳಿಯನ್ನು ಶೇಂಗಾ ಹೊಲದವರು ಬಲ್ಲರು: ಹೆಗಲ ಮೇಲೆ ಟವೆಲ್ ನಿಲ್ಲದು.

ಪುಷ್ಪಕ ವಾಲಿತು, ತಿರುಗಿತು, ರನ್‌ವೇ ಹುಡುಕಿತು. ಉಪಗ್ರಹಗಳ ನಾವಿಕ್ ವ್ಯವಸ್ಥೆ ಜಾಗ ಹೇಳುತ್ತಿದೆ. ರಾಡಾರ್ ಆಲ್ಟಿಮೀಟರ್ ನೆಲಕ್ಕೆ ರೇಡಿಯೊ ಅಲೆ ಬಿಟ್ಟು, ಅದು ಮರಳಲು ಹಿಡಿದ ಹೊತ್ತಿನಿಂದ ಎತ್ತರ ಅಳೆಯುತ್ತಿದೆ. ನೆಲ ಬಂತು, ಬಂತು... ಚಕ್ರ ತಾಗಿದಾಗ ವೇಗ ಗಂಟೆಗೆ 320 ಕಿಲೋಮೀಟರ್! ಯುದ್ಧವಿಮಾನಗಳೇ 280ರ ಆಸುಪಾಸಿನಲ್ಲಿ ಇಳಿಯುತ್ತವೆ. ಹಿಂದೆ ಪ್ಯಾರಾಚೂಟ್ ಅರಳಿತು. ವೇಗ ನೂರಕ್ಕೆ ಕುಸಿಯಿತು. ಬ್ರೇಕ್ ಬಿತ್ತು. ರನ್‌ವೇಯ ನಡುಗೆರೆ ಬಿಡದೆ ನಿಂತಿತು.

ನನ್ನ ಕೇಳಿದರೆ, ಇದು ಸುಲಭದ ಪಾಲು. ಕಕ್ಷೆಯಿಂದ ಬರುವ ವಾಹನ ಇದಕ್ಕೂ ಮೊದಲು 85, 65 ಕಿಲೋಮೀಟರ್ ಎತ್ತರದ ಪದರ ಸೀಳಿ ಬರಬೇಕು. 2016ರ ಮೇ 23ರಂದು ಇದರ ಹಿರಿಯಣ್ಣ ಶ್ರೀಹರಿಕೋಟದಿಂದ 65 ಕಿಲೋಮೀಟರ್ ಏರಿ, ಶಬ್ದದ ಐದು ಪಟ್ಟು ವೇಗದಲ್ಲಿ ಬಂಗಾಳ ಕೊಲ್ಲಿಯತ್ತ ಇಳಿದಿತ್ತು. ಆ ಎತ್ತರದಲ್ಲಿ ಗಾಳಿ ತೀರಾ ತೆಳು, ಆದರೂ ಸುಮ್ಮನಿಲ್ಲ. ಬೆಟ್ಟಕ್ಕೆ ಬಡಿದ ಗಾಳಿ, ಗುಡುಗುಮೋಡ ಎಬ್ಬಿಸಿದ ಅಲೆಗಳು ಮೇಲೇರಿದಂತೆ ದೊಡ್ಡವಾಗುತ್ತ, ಕಡಲತೀರದ ತೆರೆಗಳಂತೆ ಒಡೆಯುತ್ತವೆ. ಬಲೂನು ಅಲ್ಲಿಗೆ ಏರದು, ಉಪಗ್ರಹ ಅಷ್ಟು ಕೆಳಗೆ ಸುತ್ತದು. ಅಲ್ಲಿನ ಗಾಳಿ ಅಳೆಯಲು ಕೈಗೆ ಸಿಗುವ ಸಾಧನಗಳಲ್ಲಿ ರಾಡಾರ್ ಒಂದು.

ತಿರುಪತಿ ಬಳಿಯ ಗಾದಂಕಿಯಲ್ಲಿ 1024 ಆಂಟೆನಾಗಳು 53 ಮೆಗಾಹರ್ಟ್ಸ್ ಅಲೆಯನ್ನು ನೆತ್ತಿಗೆ ಹೊಡೆದು, ಹಿಂದಿರುಗುವ ಕ್ಷೀಣ ಪ್ರತಿಧ್ವನಿಗೆ ಕಾಯುತ್ತವೆ. ಕಂಪನಾಂಕ ಎಷ್ಟು ಸರಿಯಿತೆಂದು ನೋಡಿದರೆ ಗಾಳಿಯ ವೇಗ ಸಿಗುತ್ತದೆ. ಆ ವೇಗದ ಏರಿಳಿತದಲ್ಲಿ ಅಲೆ ಕಾಣುತ್ತದೆ. 60 ಕಿಲೋಮೀಟರ್ ದಾಟಿದ ಮೇಲಿನ ಪ್ರತಿಧ್ವನಿ ಹೆಚ್ಚಾಗಿ ಸಿಗುವುದು ಹಗಲಲ್ಲೇ: ಅದಕ್ಕೆ ಬೇಕಾದ ಎಲೆಕ್ಟ್ರಾನುಗಳನ್ನು ಬಿಡಿಸುವುದು ಬಿಸಿಲು.

ಚಳ್ಳಕೆರೆಯಲ್ಲಿ ಮೂರು ಸಲ ಇಳಿದು ಮೂರೂ ಸಲ ಗೆದ್ದಾಯಿತು. ಕಕ್ಷೆಯಿಂದ ಮರಳುವ ಪರೀಕ್ಷೆ ಇನ್ನೂ ಬಾಕಿ ಇದೆ.