ಬಂಡೆಯ ನಾಡಿನಿಂದ ಹಿಮನದಿಯೆಡೆಗೆ

ಸುರಪುರವನ್ನು ಕಂಡವರಿಗೆ ರಂಗಂಪೇಟೆಯನ್ನು ಬೇರೆಯಾಗಿ ತೋರಿಸಬೇಕಾಗಿಲ್ಲ. ಯಾದಗಿರಿ ಜಿಲ್ಲೆಯ ಆ ಹಳೆಯ ರಾಜಧಾನಿಗೆ ಅಂಟಿಕೊಂಡೇ ಬೆಳೆದ ಪೇಟೆ ಅದು. ಸುತ್ತಲೂ ಗುಡ್ಡಗಳು, ಗುಡ್ಡಗಳ ಮೈಮೇಲೆಲ್ಲ ಯಾರೋ ರಾಶಿ ಹಾಕಿ ಮರೆತುಹೋದಂತೆ ಉರುಟು ಬಂಡೆಗಳು. ಬೇಸಗೆಯ ಬಿಸಿಲು 40 ಡಿಗ್ರಿಯನ್ನು ದಾಟುವ ಈ ನೆಲದಲ್ಲಿ ಹಿಮವೆಂಬುದು ಚಿತ್ರಪಟದಲ್ಲಿ ಮಾತ್ರ ಕಾಣುವ ವಸ್ತು. ಇಂತಹ ಊರಿನ ತರುಣನೊಬ್ಬನು ಹಿಮನದಿಯ ಮೇಲೆ ನಡೆಯುವ ವಿದ್ಯೆಯನ್ನು ಕಲಿಯಲು ಹೊರಡುವೆನೆಂದರೆ ಮನೆಯವರು ಬೆರಗಾಗುವುದು ಸಹಜವೇ. “ಗುಡ್ಡ ಹತ್ತಾಕ ಅಷ್ಟು ದೂರ ಯಾಕ ಹೋಗ್ತೀಯಪ್ಪಾ? ನಮ್ಮೂರಾಗ ಗುಡ್ಡ ಇಲ್ಲೇನು?” ಎಂದು ತಾಯಿ ಕೇಳಿಯೇ ಕೇಳುವಳು. ಆ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಅದರ ಅರ್ಧ ಉತ್ತರ ರಂಗಂಪೇಟೆಯ ಗುಡ್ಡಗಳಲ್ಲಿಯೇ ಇದೆ. ಉಳಿದರ್ಧಕ್ಕೆ ಮಾತ್ರ ಹಿಮಾಲಯಕ್ಕೆ ಹೋಗಬೇಕು.

1953ರಲ್ಲಿ ತೇನಸಿಂಗ್ ಮತ್ತು ಹಿಲರಿ ಎವರೆಸ್ಟ್ ಶಿಖರವನ್ನು ಮುಟ್ಟಿ ಬಂದ ಮರುವರ್ಷವೇ ಡಾರ್ಜಿಲಿಂಗಿನಲ್ಲಿ ಪರ್ವತಾರೋಹಣವನ್ನು ಕಲಿಸುವ ಸಂಸ್ಥೆಯೊಂದು ಹುಟ್ಟಿತು. ತೇನಸಿಂಗನೇ ಅಲ್ಲಿ ಕ್ಷೇತ್ರ ಶಿಕ್ಷಣದ ಮೊದಲ ನಿರ್ದೇಶಕನಾದನು. 1961ರಲ್ಲಿ ಮನಾಲಿಯಲ್ಲಿ ಇನ್ನೊಂದು ಸಂಸ್ಥೆ ತಲೆಯೆತ್ತಿತು; 1965ರಲ್ಲಿ ಭಾಗೀರಥಿಯ ದಡದ ಉತ್ತರಕಾಶಿಯಲ್ಲಿ ನೆಹರೂ ಪರ್ವತಾರೋಹಣ ಸಂಸ್ಥೆ ಸ್ಥಾಪಿತವಾಯಿತು. ಎವರೆಸ್ಟನ್ನೇರಿದ ಮೊದಲ ಭಾರತೀಯ ಮಹಿಳೆ ಬಚೇಂದ್ರಿ ಪಾಲ್ ಶಿಕ್ಷಣ ಪಡೆದದ್ದು ಇಲ್ಲಿಯೇ. ಏನೂ ಅರಿಯದವನಿಗಾಗಿ ಈ ಸಂಸ್ಥೆಗಳು ನಡೆಸುವ ಪ್ರಾಥಮಿಕ ಶಿಕ್ಷಣವು ಸುಮಾರು ನಾಲ್ಕು ವಾರಗಳದು. ಮೊದಲು ಬಂಡೆಯ ಮೇಲಿನ ಪಾಠ, ಬಳಿಕ ಹೊರೆ ಹೊತ್ತು ಕಣಿವೆಯೇರುವ ನಡಿಗೆ, ಕೊನೆಗೆ ಹಿಮನದಿಯ ಮೇಲಿನ ಅಭ್ಯಾಸ: ಇದು ಅದರ ಕ್ರಮ. ಸ್ಥಳಗಳು ತಿಂಗಳುಗಟ್ಟಲೆ ಮುಂಚೆಯೇ ತುಂಬಿಹೋಗುವುದರಿಂದ ಅರ್ಜಿಯನ್ನು ಬಹು ಮುಂಚಿತವಾಗಿ ಕಳುಹಿಸಬೇಕು. ವೈದ್ಯರ ಪ್ರಮಾಣಪತ್ರವೂ ಬೇಕು. ಹಿಮಗೊಡಲಿ, ಹಗ್ಗ, ಹಿಮದ ಬೂಟು ಮೊದಲಾದ ಸಲಕರಣೆಗಳನ್ನು ಸಂಸ್ಥೆಯೇ ಒದಗಿಸುವುದು. ಆದರೆ ಕಾಲನ್ನೂ ಶ್ವಾಸಕೋಶವನ್ನೂ ಯಾವ ಸಂಸ್ಥೆಯೂ ಒದಗಿಸಲಾರದು. ಅವನ್ನು ಊರಿನಲ್ಲಿಯೇ ಸಿದ್ಧಪಡಿಸಿಕೊಂಡು ಹೋಗಬೇಕು.

ಊರಿನ ಗುಡ್ಡ ಉಪಯೋಗಕ್ಕೆ ಬರುವುದು ಇಲ್ಲಿಯೇ. 1841ರಲ್ಲಿ ಸುರಪುರಕ್ಕೆ ಬಂದ ಕ್ಯಾಪ್ಟನ್ ಮೆಡೋಸ್ ಟೇಲರ್ ಗುಡ್ಡದ ಮೇಲೆ ತನ್ನ ಮನೆಯನ್ನು ಕಟ್ಟಿಸಿದನು. ಇಂದಿಗೂ ಜನ ಅದನ್ನು ಟೇಲರ್ ಮಂಜಿಲ್ ಎಂದೇ ಕರೆಯುತ್ತಾರೆ. ಅಂತಹ ಏರುದಾರಿಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಎತ್ತರ ಸಾಲದೆಂದು ಯಾರೂ ಮೂಗುಮುರಿಯಬೇಕಾಗಿಲ್ಲ. 50 ಮೀಟರು ಏರಿಕೆಯ ದಾರಿಯೊಂದನ್ನು ಹತ್ತು ಸಲ ಹತ್ತಿಳಿದರೆ 500 ಮೀಟರಾಯಿತು. ಹಿಮಾಲಯದ ಕಣಿವೆಯಲ್ಲಿ ಒಂದು ದಿನದ ಏರಿಕೆಗೆ ಅದು ಹೆಚ್ಚುಕಡಮೆ ಸಮನಾದುದೇ.

ಸಿದ್ಧತೆಗೆ ಮೂರು ತಿಂಗಳಾದರೂ ಬೇಕು. ಮೊದಲ ತಿಂಗಳು ಬರಿಯ ಓಟ ಮತ್ತು ನಡಿಗೆ. ಎರಡನೆಯ ತಿಂಗಳಿನಿಂದ ಬೆನ್ನ ಮೇಲೆ ಹೊರೆ: ಮೊದಲು 5 ಕಿಲೋ, ವಾರ ಕಳೆದಂತೆ 10, ಕೊನೆಗೆ 15. ಚೀಲದಲ್ಲಿ ಕಲ್ಲು ತುಂಬುವುದಕ್ಕಿಂತ ನೀರಿನ ಸೀಸೆಗಳನ್ನು ತುಂಬುವುದು ಲೇಸು. ಇಳಿಯುವಾಗ ನೀರನ್ನು ಚೆಲ್ಲಿಬಿಟ್ಟರೆ ಮೊಣಕಾಲುಗಳಿಗೆ ಅಷ್ಟು ಭಾರ ಕಡಮೆ. ಬೇಸಗೆಯಲ್ಲಿ ಹೊತ್ತು ಹುಟ್ಟುವ ಮುಂಚೆಯೇ ಅಭ್ಯಾಸ ಮುಗಿಯಬೇಕು. ಆಮೇಲೆ ಬಂಡೆ ಕಾದ ಹಂಚಿನಂತಾಗುವುದು. ಹೊಸ ಬೂಟುಗಳನ್ನು ಈ ದಾರಿಯಲ್ಲಿಯೇ ತುಳಿದು ಪಳಗಿಸಬೇಕು. ಹಿಮಾಲಯದಲ್ಲಿ ಮೊದಲ ಸಲ ತೊಟ್ಟ ಬೂಟು ಎಬ್ಬಿಸುವ ಒಂದು ಬೊಕ್ಕೆ, ನಾಲ್ಕು ವಾರದ ಕನಸನ್ನು ನಾಲ್ಕೇ ದಿನಕ್ಕೆ ಮುಗಿಸಬಲ್ಲುದು. ವಾರಕ್ಕೆ ಒಂದು ದಿನ ಪೂರ್ಣ ವಿಶ್ರಾಂತಿ ಇರಲಿ. ದೇಹ ಬಲಗೊಳ್ಳುವುದು ವಿಶ್ರಾಂತಿಯಲ್ಲಿಯೇ.

ಇನ್ನು ಹಗ್ಗದ ಗಂಟುಗಳು. ಎಂಟರ ಆಕಾರದ ಗಂಟು, ಹಗ್ಗಕ್ಕೆ ಸುತ್ತಿದ ಎಳೆ ಭಾರ ಬಿದ್ದಾಗ ಬಿಗಿದು ಭಾರ ತೆಗೆದಾಗ ಸರಿಯುವ ಪ್ರೂಸಿಕ್ ಗಂಟು—ಇವನ್ನು ಮನೆಯ ಕಿಟಕಿಯ ಸರಳಿಗೇ ಕಟ್ಟಿ ಕಲಿಯಬಹುದು. ಕಣ್ಣು ಮುಚ್ಚಿಯೂ, ಕೈಗವಸು ತೊಟ್ಟೂ ಕಟ್ಟಬಲ್ಲವನಾಗಬೇಕು. ಚಳಿಗೆ ಬೆರಳು ಮರಗಟ್ಟಿದಾಗ ನೆನಪು ಕೈಕೊಟ್ಟರೂ ಅಭ್ಯಾಸ ಕೈಬಿಡದು. ಆದರೆ ಒಂದು ಎಚ್ಚರಿಕೆಯ ಮಾತು: ಗುರುವಿಲ್ಲದೆ, ಹಗ್ಗವಿಲ್ಲದೆ ಕಡಿದಾದ ಬಂಡೆಗಳನ್ನು ಹತ್ತುವುದು ಅಭ್ಯಾಸವಲ್ಲ, ಅವಿವೇಕ. ಶಿಲಾರೋಹಣವನ್ನು ಕ್ರಮವಾಗಿ ಕಲಿಯಬೇಕೆನ್ನುವವರಿಗೆ ರಾಮನಗರ, ಬಾದಾಮಿಗಳ ಬಂಡೆಗಳಿವೆ. ಜನರಲ್ ತಿಮ್ಮಯ್ಯನವರ ಹೆಸರಿನ ಸಾಹಸ ಅಕಾಡೆಮಿಯೂ ನಮ್ಮ ನಾಡಿನಲ್ಲಿಯೇ ಇದೆ.

ಇಷ್ಟನ್ನೆಲ್ಲ ಊರಿನ ಗುಡ್ಡ ಕಲಿಸಬಲ್ಲುದು. ಕಲಿಸಲಾರದ ಸಂಗತಿಗಳು ಎರಡು: ತೆಳುವಾದ ಗಾಳಿ, ಚಲಿಸುವ ನೆಲ.

ಸಮುದ್ರಮಟ್ಟದಿಂದ ಸುಮಾರು 5,500 ಮೀಟರು ಮೇಲೇರಿದರೆ ಗಾಳಿಯ ಒತ್ತಡ ಅರ್ಧಕ್ಕಿಳಿಯುವುದು. ಒಂದೊಂದು ಉಸಿರಿಗೂ ದೊರೆಯುವ ಆಮ್ಲಜನಕ ಅರ್ಧವೇ. ಬಯಲುಸೀಮೆಯಿಂದ ಹೋದ ದೇಹವು ಇದಕ್ಕೆ ಒಗ್ಗಲು ದಿನಗಳು ಬೇಕು. ಆದ್ದರಿಂದಲೇ 3,000 ಮೀಟರು ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಎತ್ತರಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ನಿಂತು ವಿಶ್ರಮಿಸಬೇಕು ಎಂಬ ನಿಯಮವಿದೆ. ತಲೆನೋವು, ವಾಕರಿಕೆ, ಹಸಿವಿಲ್ಲದಿರುವಿಕೆ ಮೊದಲ ಸೂಚನೆಗಳು. ನಡಿಗೆ ತೂರಾಡತೊಡಗಿದರೆ, ಸುಮ್ಮನೆ ಕುಳಿತಾಗಲೂ ಉಸಿರು ಕಟ್ಟಿದಂತಾದರೆ ತಡಮಾಡದೆ ಕೆಳಗಿಳಿಸಬೇಕು. ಮಿದುಳಿಗೋ ಶ್ವಾಸಕೋಶಕ್ಕೋ ನೀರು ತುಂಬುತ್ತಿರುವ ಗುರುತದು. ಊರಿನಲ್ಲಿ ಎಲ್ಲರಿಗಿಂತ ಮುಂದೆ ಓಡುವ ಗಟ್ಟಿಗನಿಗೂ ಇದರಿಂದ ವಿನಾಯಿತಿಯಿಲ್ಲ. ಮುಂದೆ ಓಡುವ ಚಾಳಿಯೇ ಅವನಿಗೆ ಹೆಚ್ಚು ಅಪಾಯಕರ. ತಲೆನೋವನ್ನು ಮುಚ್ಚಿಟ್ಟು ಶೂರನೆನಿಸಿಕೊಳ್ಳುವವನು ತನ್ನನ್ನು ಮಾತ್ರವಲ್ಲ, ತನ್ನನ್ನು ಹೊತ್ತು ಇಳಿಸಬೇಕಾದವರನ್ನೂ ಗಂಡಾಂತರಕ್ಕೆ ಒಡ್ಡುತ್ತಾನೆ.

ಇನ್ನು ಹಿಮನದಿ. ಉತ್ತರಕಾಶಿಯ ವಿದ್ಯಾರ್ಥಿಗಳು ಅಭ್ಯಾಸ ಮಾಡುತ್ತ ಬಂದಿರುವುದು ಡೋಕ್ರಿಯಾನಿ ಬಮಕ್ ಎಂಬಲ್ಲಿ. ಗಢವಾಲಿ ಭಾಷೆಯಲ್ಲಿ ಬಮಕ್ ಎಂದರೆ ಹಿಮನದಿ. ಸುಮಾರು 5 ಕಿಲೋಮೀಟರು ಉದ್ದದ ಅದು ನಿಂತ ಮಂಜುಗಡ್ಡೆಯಲ್ಲ. ವರ್ಷ ವರ್ಷವೂ ಬಿದ್ದ ಹಿಮ ತನ್ನ ಭಾರಕ್ಕೆ ತಾನೇ ಗಟ್ಟಿಯಾಗಿ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಇಳಿಜಾರಿನಲ್ಲಿ ಹರಿಯುತ್ತಿರುವ ನದಿ. ಇತ್ತೀಚಿನ ದಶಕಗಳಲ್ಲಿ ಕಾವು ಹೆಚ್ಚಿ ಅದರ ಮೂತಿ ಹಿಂದೆ ಸರಿಯುತ್ತಲಿದೆ. ಹರಿಯುವಾಗ ಅದರ ಮೈ ಬಿರಿಯುತ್ತದೆ. ಆ ಆಳವಾದ ಬಿರುಕುಗಳ ಬಾಯನ್ನು ಹೊಸ ಹಿಮ ಮುಚ್ಚಿಬಿಡುತ್ತದೆ. ರಂಗಂಪೇಟೆಯ ಬಂಡೆಯ ಮೇಲೆ ಕಾಲಿಡುವವನು ಕಣ್ಣನ್ನು ನಂಬಬಹುದು. ಹಿಮನದಿಯ ಮೇಲೆ ಕಣ್ಣೇ ಮೋಸಮಾಡುವುದು.

ಆದುದರಿಂದಲೇ ಅಲ್ಲಿ ಒಬ್ಬೊಬ್ಬರೇ ನಡೆಯುವುದಿಲ್ಲ. ಮೂವರೋ ನಾಲ್ವರೋ ಒಂದೇ ಹಗ್ಗಕ್ಕೆ ಸೊಂಟದ ಪಟ್ಟಿಗಳನ್ನು ಕಟ್ಟಿಕೊಂಡು, ನಡುವೆ ಅಂತರವಿಟ್ಟು, ಹಗ್ಗ ಜೋಲದಂತೆ ನಡೆಯುತ್ತಾರೆ. ಬೂಟಿನಡಿಯಲ್ಲಿ ಕ್ರಾಂಪನ್ ಎಂಬ ಉಕ್ಕಿನ ಹಲ್ಲುಗಳು, ಕೈಯಲ್ಲಿ ಹಿಮಗೊಡಲಿ. ಜಾರಿ ಬಿದ್ದವನು ಕ್ಷಣವೂ ತಡಮಾಡದೆ ಹೊಟ್ಟೆಯ ಮೇಲೆ ಹೊರಳಿ, ಕೊಡಲಿಯ ಮೊನೆಯನ್ನು ಹಿಮಕ್ಕೆ ಚುಚ್ಚಿ, ಎದೆಯ ಭಾರವನ್ನೆಲ್ಲ ಅದರ ಮೇಲೆ ಹಾಕಿ ನಿಲ್ಲಬೇಕು. ಉಕ್ಕಿನ ಹಲ್ಲುಗಳು ಹಿಮಕ್ಕೆ ಸಿಕ್ಕಿ ದೇಹ ಪಲ್ಟಿಯಾಗದಂತೆ ಪಾದಗಳನ್ನು ಮೇಲೆತ್ತಿರಬೇಕು. ಅಪಾಯವಿಲ್ಲದ ಇಳಿಜಾರಿನಲ್ಲಿ ವಿದ್ಯಾರ್ಥಿಗಳು ಇದಕ್ಕಾಗಿ ಬೇಕೆಂದೇ ಜಾರಿ ಜಾರಿ ಬೀಳುತ್ತಾರೆ. ಒಬ್ಬನು ಬಿರುಕಿಗೆ ಬಿದ್ದರೆ ಉಳಿದವರು ತಡೆದು ನಿಲ್ಲಬೇಕು. ಬಿದ್ದವನನ್ನು ಹಗ್ಗದ ಬಲದಿಂದ ಮೇಲೆಳೆಯಬೇಕು. ಒಬ್ಬನ ಪ್ರಾಣ ಇನ್ನೊಬ್ಬನ ಗಂಟಿನಲ್ಲಿ ಇರುವುದೆಂಬುದು ಅಲ್ಲಿ ಅಲಂಕಾರದ ಮಾತಲ್ಲ.

ಹಾಗೆಂದು ಶಿಕ್ಷಣವೊಂದಿದ್ದರೆ ಅಪಾಯವೇ ಇಲ್ಲವೆಂದು ತಾಯಿಗೆ ಮಾತುಕೊಡುವುದು ಸುಳ್ಳಾದೀತು. 2022ರ ಅಕ್ಟೋಬರ್ 4ರಂದು ಡೋಕ್ರಿಯಾನಿಯ ಮೇಲಿರುವ ದ್ರೌಪದೀ ಕಾ ಡಾಂಡಾ ಶಿಖರದಲ್ಲಿ, ಮುಂದುವರಿದ ತರಗತಿಯ ತಂಡದ ಮೇಲೆ ಹಿಮಪಾತವೆರಗಿತು. ಇಪ್ಪತ್ತೈದಕ್ಕೂ ಹೆಚ್ಚು ಮಂದಿ ಮಡಿದರು. ಅವರಲ್ಲಿ ಕರ್ನಾಟಕದಿಂದ ಹೋದ ತರುಣರೂ ಇದ್ದರು. ಅದೇ ವರ್ಷದ ಮೇ ತಿಂಗಳಿನಲ್ಲಿ ಎವರೆಸ್ಟ್, ಮಕಾಲು ಎರಡನ್ನೂ ಏರಿ ಬಂದಿದ್ದ ಶಿಕ್ಷಕಿ ಸವಿತಾ ಕಂಸ್ವಾಲ್ ಕೂಡ ಆ ಹಿಮದಲ್ಲಿಯೇ ಉಳಿದರು. ಪರ್ವತದೆದುರು ಪರಿಣತಿ ರಕ್ಷೆಯೇ ಹೊರತು ವಜ್ರಕವಚವಲ್ಲ. ಇದನ್ನು ತಿಳಿದು, ಮನೆಯವರಿಗೂ ತಿಳಿಸಿ ಹೊರಡುವುದು ಸಿದ್ಧತೆಯ ಕೊನೆಯ, ಎಲ್ಲಕ್ಕಿಂತ ಕಠಿನವಾದ ಭಾಗ.

ಹೊರಡುವ ಮುನ್ನ ನೆರೆಯ ವಾಗಣಗೇರಾಕ್ಕೊಮ್ಮೆ ಹೋಗಿ ಬಂದರೆ ಇನ್ನೊಂದು ಪಾಠವೂ ದೊರೆತೀತು. 1705ರಲ್ಲಿ ಮುದುಕನಾದ ಔರಂಗಜೇಬನು ತನ್ನ ಬಾಳಿನ ಕೊನೆಯ ಮುತ್ತಿಗೆಯನ್ನು ಹಾಕಿದ್ದು ಅಲ್ಲಿನ ಕೋಟೆಗೆ. ಬೇಡರ ನಾಯಕ ಪಿಡ್ಡನಾಯಕನು ತಿಂಗಳುಗಟ್ಟಲೆ ಕಾದಾಡಿ, ಇನ್ನು ನಿಲ್ಲುವಂತಿಲ್ಲವೆಂದು ಕಂಡಾಗ ತನ್ನವರೊಡನೆ ರಾತ್ರೋರಾತ್ರಿ ಕೋಟೆಯನ್ನು ಬಿಟ್ಟು ಹೊರಟನು. ಬಾದಶಹನಿಗೆ ದಕ್ಕಿದ್ದು ಬರಿಯ ಕೋಟೆ. ಜನ ಉಳಿದರು, ಅವರಿಂದ ಸುರಪುರದ ಸಂಸ್ಥಾನ ಮುಂದೆ ಒಂದೂವರೆ ಶತಮಾನ ಬಾಳಿತು. ಅಂದು ಹಿಂದೆ ಸರಿದವನನ್ನು ಹೇಡಿಯೆಂದು ಈ ನಾಡು ಕರೆದಿಲ್ಲ.

ಹಿಮನದಿಯ ಶಾಲೆಯಲ್ಲಿ ಕಲಿಯಬೇಕಾದ ವಿದ್ಯೆಯೂ ಬಹುಮಟ್ಟಿಗೆ ಇದೇ. ಮೋಡ ಕವಿದರೆ, ಹಿಮ ಸಡಿಲವಾದರೆ, ಜೊತೆಗಾರನು ಬಸವಳಿದರೆ ತಿರುಗಿ ಬರಬೇಕು; ಶಿಖರ ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ. ಯಾದಗಿರಿಯಲ್ಲಿ ರೈಲು ಹತ್ತುವ ತರುಣನ ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿಗಳ ಗಂಟನ್ನು ತುರುಕುತ್ತ ತಾಯಿ, “ಎಷ್ಟ ಎತ್ತರ ಹತ್ತತಿಯೋ ನನಗ ಗೊತ್ತಿಲ್ಲ, ಇಳಿದು ಬಾ ಅಷ್ಟ” ಎಂದರೆ, ನಾಲ್ಕು ವಾರಗಳ ಪಾಠದ ಸಾರವನ್ನು ಆಕೆ ಮೊದಲೇ ಹೇಳಿದಂತಾಯಿತು.