ನಕ್ಷತ್ರವನ್ನು ಉಜ್ಜಿದವರು

ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ ಒಂದು ಲೋಹದ ನಕ್ಷತ್ರವಿದೆ. ಅಂಗೈಗಿಂತ ಸ್ವಲ್ಪ ದೊಡ್ಡದು. ದುಂಡನೆಯ ಬಳೆಯೊಳಗೆ ಮೂರು ಮೊನೆಗಳ ನಕ್ಷತ್ರ. ಮನೆಗೆ ಬಂದವರೆಲ್ಲ ಅದನ್ನು ನೋಡಿ, "ಬೆಂಜ್ ಕಾರಿನದ್ದಲ್ವಾ?" ಎಂದು ಕೇಳುತ್ತಾರೆ. ನಾವು ನಗುತ್ತೇವೆ. ಬೆಂಜ್ ಕಾರು ಕೊಳ್ಳುವಷ್ಟು ಶ್ರೀಮಂತಿಕೆ ನಮ್ಮ ಮನೆತನದಲ್ಲಿ ಯಾರಿಗೂ ಇರಲಿಲ್ಲ. ಅದು ಲಾರಿಯದ್ದು.

ಇಂದಿನ ಯುವಕರಿಗೆ ಇದು ವಿಚಿತ್ರವೆನಿಸಬಹುದು. 1954ರಲ್ಲಿ ಟಾಟಾದವರ ಟೆಲ್ಕೊ ಕಂಪೆನಿಯು ಜರ್ಮನಿಯ ಡೈಮ್ಲರ್ ಬೆಂಜ್ ಕಂಪೆನಿಯೊಂದಿಗೆ ಹದಿನೈದು ವರ್ಷಗಳ ಒಪ್ಪಂದ ಮಾಡಿಕೊಂಡಿತು. ಜಮ್‌ಶೆಡ್‌ಪುರದಲ್ಲಿ ತಯಾರಾದ ಆ ಲಾರಿಗಳ ಹೆಸರು ಟಾಟಾ ಮರ್ಸಿಡಿಸ್ ಬೆಂಜ್. ಅವುಗಳ ಮುಂಭಾಗದಲ್ಲಿ ಇದೇ ನಕ್ಷತ್ರವಿರುತ್ತಿತ್ತು. 1969ರಲ್ಲಿ ಒಪ್ಪಂದ ಮುಗಿಯಿತು. ನಕ್ಷತ್ರದ ಜಾಗಕ್ಕೆ 'ಟಿ' ಅಕ್ಷರ ಬಂತು. ಹೀಗೆ ಜಗತ್ತಿನ ಶ್ರೀಮಂತರ ಗುರುತಾದ ಚಿಹ್ನೆಯನ್ನು ನಮ್ಮ ದೇಶದ ಬಡ ಚಾಲಕರು ಮತ್ತು ಹಮಾಲಿಗಳು ಹತ್ತಿರದಿಂದ ಕಂಡರು.

ನಮ್ಮ ತಂದೆ ಅಂತಹ ಒಂದು ಲಾರಿಯನ್ನು ಎರಡನೆಯ ಕೈಯಿಂದ ಕೊಂಡಿದ್ದರು. ಮಂಗಳೂರಿನಿಂದ ಹಂಚು ಹೇರಿಕೊಂಡು ಶಿರಾಡಿ ಘಾಟಿ ಹತ್ತಿ ಹಾಸನಕ್ಕೆ ಹೋಗುವುದು, ಅಲ್ಲಿಂದ ಬಟಾಟೆ ಹೇರಿಕೊಂಡು ಇಳಿಯುವುದು. ಆ ಲಾರಿಯ ಮೇಲೆ ಅವರಿಗಿದ್ದ ನಂಬಿಕೆ ಸಾಮಾನ್ಯದ್ದಲ್ಲ. "ಬೆಂಜ್ ದಾರಿಯಲ್ಲಿ ಕೈಬಿಡುವುದಿಲ್ಲ" ಎನ್ನುತ್ತಿದ್ದರು. 1983ರಲ್ಲಿ ಲಾರಿಯನ್ನು ಗುಜರಿಗೆ ಕೊಡುವಾಗ ಅವರು ಸ್ಪ್ಯಾನರ್ ಹಿಡಿದು ಆ ನಕ್ಷತ್ರವನ್ನು ಬಿಚ್ಚಿ ತಂದರು. ಅವರು ತೀರಿಕೊಂಡ ಮೇಲೆ ಅದು ನಮ್ಮಲ್ಲಿ ಉಳಿಯಿತು.

ಕಳೆದ ವರ್ಷ ತಂಗಿಯ ಮಗಳು ಬೆಂಗಳೂರಿನಲ್ಲಿ ಕೆಲಸದ ಸಂದರ್ಶನಕ್ಕೆ ತಯಾರಿ ನಡೆಸುತ್ತಿದ್ದಳು. ಅಲ್ಲಿ 1996ರಿಂದ ಈ ಕಂಪೆನಿಯ ಸಂಶೋಧನಾ ಕೇಂದ್ರವಿದೆ. ಅಜ್ಜನ ನಕ್ಷತ್ರವನ್ನು ಕೈಯಲ್ಲಿ ಹಿಡಿದು ಅವಳು ಕೇಳಿದಳು: "ಮಾಮ, ಹಿಟ್ಲರ್ ಓಡಾಡುತ್ತಿದ್ದದ್ದೂ ಇದೇ ಕಾರಿನಲ್ಲಿ ಅಲ್ವಾ? ಖೈದಿಗಳಿಂದ ಕೆಲಸ ಮಾಡಿಸಿದ ಕಂಪೆನಿ ಇದೇ ಅಲ್ವಾ? ಮತ್ತೆ ನಾವೇಕೆ ಇದನ್ನು ಕಪಾಟಿನಲ್ಲಿಟ್ಟಿದ್ದೇವೆ?"

ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರ ಹುಡುಕಲು ಓದತೊಡಗಿದೆವು.

ಈ ಕತೆಯ ಆರಂಭ ಸುಂದರವಾಗಿದೆ. ಜರ್ಮನಿಯ ಮನ್‌ಹೈಮ್ ನಗರದ ಕಾರ್ಲ್ ಬೆಂಜ್ 1886ರ ಜನವರಿ 29ರಂದು ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಕೋರಿ ಅರ್ಜಿ ಸಲ್ಲಿಸಿದ. ಅದರ ಎಂಜಿನ್ನಿನ ಶಕ್ತಿ ಒಂದು ಕುದುರೆಯ ಶಕ್ತಿಗಿಂತಲೂ ಕಡಿಮೆ. ಜನರಿಗೆ ಅದರಲ್ಲಿ ನಂಬಿಕೆ ಹುಟ್ಟಲಿಲ್ಲ. ಆ ನಂಬಿಕೆಯನ್ನು ಹುಟ್ಟಿಸಿದವಳು ಅವನ ಪತ್ನಿ ಬರ್ತಾ. ಮದುವೆಗೆ ಮೊದಲೇ ತನ್ನ ತವರಿನ ಹಣವನ್ನು ಅವನ ಉದ್ಯಮಕ್ಕೆ ಹಾಕಿದ್ದ ಹೆಣ್ಣು ಆಕೆ. 1888ರ ಆಗಸ್ಟ್‌ನಲ್ಲಿ ಗಂಡನಿಗೆ ಹೇಳದೆ ಇಬ್ಬರು ಗಂಡು ಮಕ್ಕಳನ್ನು ಕರೆದುಕೊಂಡು ಆ ಗಾಡಿಯಲ್ಲಿ ತವರೂರು ಫೋರ್ಟ್ಸ್‌ಹೈಮ್‌ಗೆ ಹೊರಟಳು. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಇಂಧನ ಮುಗಿದಾಗ ವೀಸ್‌ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಕೊಂಡಳು. ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಸರಿಪಡಿಸಿದಳು. ಬ್ರೇಕಿನ ಮರದ ತುಂಡು ಸವೆದಾಗ ಚಪ್ಪಲಿ ಹೊಲಿಯುವವನಿಂದ ಅದಕ್ಕೆ ಚರ್ಮ ಹೊಡೆಸಿದಳು. ಏರು ಬಂದಾಗ ಇಳಿದು ಗಾಡಿಯನ್ನು ದೂಡಬೇಕಾಯಿತು. ಮರಳಿ ಬಂದ ಮೇಲೆ ಏರು ಹತ್ತಲು ಇನ್ನೊಂದು ಗೇರು ಬೇಕೆಂಬುದು ಸ್ಪಷ್ಟವಾಯಿತು. ಇದನ್ನು ಓದುವಾಗ ಶಿರಾಡಿಯ ಏರಿನಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲುತ್ತಿದ್ದ ನಮ್ಮ ಲಾರಿ ನೆನಪಾಯಿತು.

ಅದೇ ಕಾಲದಲ್ಲಿ ಕಾನ್‌ಸ್ಟಾಟ್ ಎಂಬಲ್ಲಿ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೇಬ್ಯಾಕ್ ಬೇರೆಯೇ ಆಗಿ ಮೋಟಾರು ಗಾಡಿ ತಯಾರಿಸುತ್ತಿದ್ದರು. ಹಿಂದೊಮ್ಮೆ ಡೈಮ್ಲರ್ ಮನೆಗೆ ಬರೆದ ಪತ್ರದಲ್ಲಿ ತಾನಿದ್ದ ಮನೆಯ ಚಿತ್ರದ ಮೇಲೆ ಒಂದು ನಕ್ಷತ್ರವನ್ನು ಗುರುತು ಹಾಕಿದ್ದನಂತೆ. ಅವನ ಮರಣಾನಂತರ ಮಕ್ಕಳು ಅದನ್ನು ನೆನಪಿಸಿಕೊಂಡರು. ಕಂಪೆನಿಯು 1909ರಲ್ಲಿ ಮೂರು ಮೊನೆಯ ನಕ್ಷತ್ರವನ್ನು ನೋಂದಾಯಿಸಿತು. ನೆಲ, ಜಲ, ಆಕಾಶ ಮೂರರಲ್ಲೂ ನಮ್ಮ ಎಂಜಿನ್ ಓಡಬೇಕೆಂಬುದು ಅದರ ಅರ್ಥ. 1926ರಲ್ಲಿ ಬೆಂಜ್ ಮತ್ತು ಡೈಮ್ಲರ್ ಕಂಪೆನಿಗಳು ಒಂದಾದವು.

ಹಾಗಾದರೆ ಮರ್ಸಿಡಿಸ್ ಯಾರು? ಅವಳೊಬ್ಬ ಪುಟ್ಟ ಹುಡುಗಿ. ಫ್ರಾನ್ಸ್‌ನ ನೀಸ್ ನಗರದಲ್ಲಿದ್ದ ಎಮಿಲ್ ಯೆಲಿನೆಕ್ ಎಂಬ ವ್ಯಾಪಾರಿ ಡೈಮ್ಲರ್ ಕಾರುಗಳನ್ನು ಸಿರಿವಂತರಿಗೆ ಮಾರುತ್ತಿದ್ದ. 1900ರಲ್ಲಿ ಅವನು ಒಮ್ಮೆಲೇ 36 ಕಾರುಗಳಿಗೆ ಬೇಡಿಕೆ ಸಲ್ಲಿಸಿದ. ಹೆಚ್ಚು ಬಲದ, ತಗ್ಗಾದ, ಉದ್ದನೆಯ ಹೊಸ ಕಾರು ಬೇಕು, ಅದಕ್ಕೆ ತನ್ನ ಮಗಳ ಹೆಸರಿರಬೇಕು ಎಂದ. ಮೇಬ್ಯಾಕ್ ವಿನ್ಯಾಸಗೊಳಿಸಿದ ಆ ಕಾರು 1901ರಲ್ಲಿ ನೀಸ್‌ನ ಪಂದ್ಯಗಳನ್ನು ಗೆದ್ದಿತು. 1902ರಲ್ಲಿ ಮರ್ಸಿಡಿಸ್ ಎಂಬ ಹೆಸರು ನೋಂದಣಿಯಾಯಿತು. ಸ್ಪ್ಯಾನಿಷ್ ಭಾಷೆಯಲ್ಲಿ ಆ ಪದಕ್ಕೆ ಕರುಣೆ, ಕೃಪೆ ಎಂದರ್ಥ. ನಾವು ರಹ್ಮತ್ ಎನ್ನುತ್ತೇವಲ್ಲ, ಹಾಗೆ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಎಮಿಲ್ ಯೆಲಿನೆಕನ ತಂದೆ ಅಡಾಲ್ಫ್ ಯೆಲಿನೆಕ್ ವಿಯೆನ್ನಾದ ಹೆಸರಾಂತ ಯಹೂದಿ ಧರ್ಮಗುರು. ಅಂದರೆ ಈ ಕಾರಿಗೆ ಹೆಸರು ಕೊಟ್ಟ ಹುಡುಗಿ ಒಬ್ಬ ಯಹೂದಿ ಪಂಡಿತನ ಮೊಮ್ಮಗಳು.

ಮೂರು ದಶಕಗಳ ಬಳಿಕ ಜರ್ಮನಿಯಲ್ಲಿ ನಾಜಿಗಳ ಆಳ್ವಿಕೆ ಬಂತು. 1935ರ ನ್ಯೂರೆಂಬರ್ಗ್ ಕಾನೂನುಗಳು ಅಜ್ಜ ಅಜ್ಜಿಯರು ಯಾರೆಂದು ನೋಡಿ ಪ್ರಜೆಗಳನ್ನು ಬೇರ್ಪಡಿಸಿದವು. ಆ ಕಾನೂನು ಮಾಡಿಸಿದ ಸರ್ವಾಧಿಕಾರಿ ಮಾತ್ರ ಯಹೂದಿ ಗುರುವಿನ ಮೊಮ್ಮಗಳ ಹೆಸರಿನ ತೆರೆದ ಕಾರಿನಲ್ಲಿ ನಿಂತು ಕೈಯೆತ್ತಿ ಮೆರವಣಿಗೆ ಹೋಗುತ್ತಿದ್ದ. ಮನುಷ್ಯರನ್ನು ರಕ್ತದಿಂದ ಅಳೆಯುವವರ ಲೆಕ್ಕ ಎಷ್ಟು ಟೊಳ್ಳು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಆದರೆ ಕಂಪೆನಿಯ ಪಾಲು ಕಾರು ಒದಗಿಸುವುದಕ್ಕಷ್ಟೇ ನಿಲ್ಲಲಿಲ್ಲ. ಯುದ್ಧ ಆರಂಭವಾದಾಗ ಅದು ಸೇನೆಗೆ ಲಾರಿ, ವಿಮಾನದ ಎಂಜಿನ್ ಮತ್ತು ಶಸ್ತ್ರಾಸ್ತ್ರ ತಯಾರಿಸಿತು. ಜರ್ಮನ್ ಕಾರ್ಮಿಕರು ಯುದ್ಧಕ್ಕೆ ಹೋದಂತೆ ಅವರ ಜಾಗಕ್ಕೆ ಬಲವಂತದ ದುಡಿಮೆಯವರು ಬಂದರು. 1944ರಲ್ಲಿ ಕಂಪೆನಿಯಲ್ಲಿದ್ದ 63,610 ಮಂದಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಹೊರದೇಶಗಳಿಂದ ಹಿಡಿದು ತಂದ ನಾಗರಿಕರು, ಯುದ್ಧಖೈದಿಗಳು ಹಾಗೂ ಶಿಬಿರಗಳ ಬಂದಿಗಳು. ಬರ್ಲಿನ್ ಬಳಿಯ ಗೆನ್ಸ್‌ಹಾಗೆನ್‌ನ ವಿಮಾನ ಎಂಜಿನ್ ಕಾರ್ಖಾನೆಯಲ್ಲಿ ರಾವೆನ್ಸ್‌ಬ್ರುಕ್ ಶಿಬಿರದ ಬಂದಿ ಮಹಿಳೆಯರನ್ನು ದುಡಿಸಲಾಯಿತು. ಕರುಣೆ ಎಂಬ ಅರ್ಥದ ಹೆಸರಿನ ಕೆಳಗೆ ಇಷ್ಟೆಲ್ಲ ನಡೆಯಿತು.

ಯುದ್ಧ ಮುಗಿದ ಮೇಲೆ ಕಂಪೆನಿ ಮತ್ತೆ ಎದ್ದು ನಿಂತಿತು, ಹೆಸರನ್ನೂ ಗಳಿಸಿತು. ಆ ಹೆಸರು ಬರಿಯ ಜಾಹೀರಾತಿನಿಂದ ಬಂದದ್ದಲ್ಲ ಎಂಬುದನ್ನು ಒಪ್ಪಬೇಕು. ಅಪಘಾತವಾದಾಗ ಕಾರಿನ ಮುಂಭಾಗ ಮತ್ತು ಹಿಂಭಾಗ ನಜ್ಜುಗುಜ್ಜಾಗಿ ಹೊಡೆತವನ್ನು ತಾನು ನುಂಗಬೇಕು, ಒಳಗೆ ಕುಳಿತವರ ಜಾಗ ಮಾತ್ರ ಗಟ್ಟಿಯಾಗಿರಬೇಕು ಎಂಬ ವಿಚಾರ ಇಲ್ಲಿನ ಎಂಜಿನಿಯರ್ ಬೇಲಾ ಬರೇನಿಯದ್ದು. 1959ರಲ್ಲಿ ಅದು ಕಾರುಗಳಲ್ಲಿ ಬಂತು. ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ವ್ಯವಸ್ಥೆಯನ್ನು ಬಾಷ್ ಕಂಪೆನಿಯ ಜೊತೆ ಸೇರಿ 1978ರಲ್ಲಿ ತಂದರು. ಇಂದು ಯಾವುದೋ ಸಣ್ಣ ಕಾರಿನಲ್ಲಿ ಹೋಗುವ ನಾವು ನೀವು ಕೂಡ ಈ ವಿಚಾರಗಳ ನೆರಳಿನಲ್ಲಿಯೇ ಪ್ರಯಾಣಿಸುತ್ತಿದ್ದೇವೆ.

ಬಾಳಿಕೆಯ ಮಾತೂ ಹಾಗೆಯೇ. 1936ರಲ್ಲಿ ಡೀಸೆಲ್ ಎಂಜಿನ್ ಇರುವ 260 ಡಿ ಕಾರನ್ನು ತಂದ ಈ ಕಂಪೆನಿಯ ಡೀಸೆಲ್ ಕಾರುಗಳು ಜಗತ್ತಿನ ಟ್ಯಾಕ್ಸಿಯವರ ಅನ್ನದಾತರಾದವು. ಮೊರೊಕ್ಕೊದ ಊರೂರುಗಳ ನಡುವೆ ದಶಕಗಳ ಕಾಲ ಜನರನ್ನು ಹೊತ್ತದ್ದು ಇವರ ಹಳೆಯ 240 ಡಿ ಕಾರುಗಳೇ. ಗ್ರೀಸ್‌ನ ಒಬ್ಬ ಟ್ಯಾಕ್ಸಿ ಚಾಲಕನ 1976ರ ಮಾದರಿಯ ಕಾರು 46 ಲಕ್ಷ ಕಿಲೋಮೀಟರ್ ಓಡಿ, 2004ರಲ್ಲಿ ಕಂಪೆನಿಯ ವಸ್ತುಸಂಗ್ರಹಾಲಯ ಸೇರಿತು. ನಮ್ಮ ತಂದೆಯ ಮಾತು ಸುಳ್ಳಾಗಿರಲಿಲ್ಲ.

ಆದರೆ ಒಳ್ಳೆಯ ಹೆಸರಿಗೆ ಒಂದು ಅಪಾಯವಿದೆ. ಅದನ್ನು ಹೊತ್ತವರು ತಮ್ಮಿಂದ ತಪ್ಪಾಗುವುದೇ ಇಲ್ಲವೆಂದು ಭಾವಿಸತೊಡಗುತ್ತಾರೆ. 1997ರಲ್ಲಿ ಸ್ವೀಡನ್ನಿನ ಪತ್ರಕರ್ತರು ಎ ಕ್ಲಾಸ್ ಎಂಬ ಹೊಸ ಸಣ್ಣ ಕಾರನ್ನು ಪರೀಕ್ಷಿಸಿದರು. ರಸ್ತೆಗೆ ಅಡ್ಡ ಬಂದ ಪ್ರಾಣಿಯನ್ನು ತಪ್ಪಿಸುವಂತೆ ಹಠಾತ್ತನೆ ತಿರುಗಿಸಿದಾಗ ಕಾರು ಮಗುಚಿ ಬಿತ್ತು. ಕಂಪೆನಿ ಮೊದಲು ಅದನ್ನು ಹಗುರವಾಗಿ ತೆಗೆದುಕೊಂಡಿತು. ಬಳಿಕ ಮಾರಾಟ ನಿಲ್ಲಿಸಿ, ಕಾರಿನ ತೋಲನ ಕಾಯುವ ಸಾಧನವನ್ನು ಎಲ್ಲ ಎ ಕ್ಲಾಸ್ ಕಾರುಗಳಿಗೂ ಅಳವಡಿಸಬೇಕಾಯಿತು. 2010ರಲ್ಲಿ ಹಲವು ದೇಶಗಳ ಅಧಿಕಾರಿಗಳಿಗೆ ಲಂಚ ಕೊಟ್ಟ ಪ್ರಕರಣವನ್ನು ಅಮೆರಿಕದಲ್ಲಿ 18.5 ಕೋಟಿ ಡಾಲರ್ ತೆತ್ತು ಮುಗಿಸಿಕೊಂಡಿತು. ಡೀಸೆಲ್ ಹೊಗೆಯ ವಿಷಯದಲ್ಲಿ 2019ರಲ್ಲಿ ಜರ್ಮನಿಯಲ್ಲಿ 87 ಕೋಟಿ ಯೂರೊ ದಂಡ ಬಿತ್ತು. 2022ರಿಂದ ಕಂಪೆನಿಯ ಹೆಸರು ಮರ್ಸಿಡಿಸ್ ಬೆಂಜ್ ಗ್ರೂಪ್. ಹೆಸರು ಬದಲಾದರೂ ಲೆಕ್ಕಪುಸ್ತಕ ಬದಲಾಗುವುದಿಲ್ಲ.

ಖೈದಿಗಳ ಲೆಕ್ಕ ಏನಾಯಿತು? ಬಹಳ ವರ್ಷಗಳ ಕಾಲ ಅದರ ಮಾತೇ ಇರಲಿಲ್ಲ. 1986ರಲ್ಲಿ ಮೋಟಾರು ಗಾಡಿಗೆ ನೂರು ವರ್ಷವಾದ ಸಂಭ್ರಮದ ವೇಳೆಗೆ ಪ್ರಶ್ನೆಗಳು ಎದ್ದವು. ಸಂಶೋಧಕರಿಂದ ಕಂಪೆನಿಯೇ ತನ್ನ ಚರಿತ್ರೆ ಬರೆಸಿತು. ಅದು ಸಾಲದೆಂದು ಇತರರು ಇನ್ನಷ್ಟು ಬರೆದರು. 1988ರಲ್ಲಿ ಎರಡು ಕೋಟಿ ಮಾರ್ಕ್ ಹಣವನ್ನು ಸಂಘಸಂಸ್ಥೆಗಳಿಗೆ ಕೊಟ್ಟಿತು. 2000ದಲ್ಲಿ ಜರ್ಮನ್ ಸರಕಾರ ಮತ್ತು ಉದ್ಯಮಗಳು ಸಮಪಾಲು ಹಾಕಿ ಸಾವಿರ ಕೋಟಿ ಮಾರ್ಕ್‌ಗಳ ಪ್ರತಿಷ್ಠಾನ ಸ್ಥಾಪಿಸಿದವು. ಅದರಲ್ಲಿ ಈ ಕಂಪೆನಿಯೂ ಇತ್ತು. 2007ರ ಹೊತ್ತಿಗೆ ಹದಿನಾರು ಲಕ್ಷಕ್ಕೂ ಹೆಚ್ಚು ಮಂದಿಗೆ ಪರಿಹಾರ ಸಿಕ್ಕಿತು. ಆದರೆ ಯುದ್ಧ ಮುಗಿದು ಐವತ್ತೈದು ವರ್ಷ ದಾಟಿತ್ತು. ದುಡಿದವರಲ್ಲಿ ಎಷ್ಟೋ ಮಂದಿ ಅದನ್ನು ಪಡೆಯಲು ಉಳಿದಿರಲಿಲ್ಲ.

ಇಷ್ಟನ್ನೂ ನಾವು ತಂಗಿಯ ಮಗಳಿಗೆ ಹೇಳಿದೆವು. ಅವಳು ಕೇಳಿಸಿಕೊಂಡು ಮತ್ತೆ ಕೇಳಿದಳು: "ಅಜ್ಜನ ಲಾರಿಯ ಈ ನಕ್ಷತ್ರವನ್ನು ದಿನಾ ಉಜ್ಜುತ್ತಿದ್ದದ್ದು ಯಾರು? ಅಜ್ಜನಾ?"

ಅಲ್ಲ. ಒಬ್ಬ ಕ್ಲೀನರ್ ಹುಡುಗ. ಸಕಲೇಶಪುರದ ಕಡೆಯವನು. ಬರುವಾಗ ಅವನಿಗೆ ಹನ್ನೆರಡು ವರ್ಷವಿರಬಹುದು. ನಮ್ಮದೇ ವಯಸ್ಸು. ನಾವು ಶಾಲೆಗೆ ಹೋಗುವಾಗ ಅವನು ಹೊಳೆಯ ಬದಿಯಲ್ಲಿ ಲಾರಿ ತೊಳೆಯುತ್ತಿದ್ದ. ರಾತ್ರಿ ಲಾರಿಯ ಮೇಲೆಯೇ ಮಲಗುತ್ತಿದ್ದ. ಘಾಟಿಯಲ್ಲಿ ಚಕ್ರಕ್ಕೆ ಕಲ್ಲು ಕೊಡುತ್ತಿದ್ದವನೂ ಅವನೇ. ಉಮ್ಮ ಅವನಿಗೆ ಊಟ ಬಡಿಸುತ್ತಿದ್ದರು, ಪೆರ್ನಾಳಿಗೆ ಬಟ್ಟೆ ಕೊಡುತ್ತಿದ್ದರು. ನಾವು ಮಕ್ಕಳೆಲ್ಲ ಅವನನ್ನು "ಕ್ಲೀನರ್" ಎಂದೇ ಕರೆಯುತ್ತಿದ್ದೆವು. ಅವನ ಹೆಸರೇನೆಂದು ನೆನಪಿಸಿಕೊಳ್ಳಲು ಹೋದರೆ ನಮಗೆ ತಿಳಿದೇ ಇರಲಿಲ್ಲ.

ಹಿಟ್ಲರನ ಶಿಬಿರಕ್ಕೂ ನಮ್ಮ ಅಂಗಳಕ್ಕೂ ಹೋಲಿಕೆಯಿಲ್ಲ. ಅಂತಹ ಹೋಲಿಕೆ ಮಾಡುವುದು ಅಲ್ಲಿ ನೊಂದವರಿಗೆ ಮಾಡುವ ಅನ್ಯಾಯ. ಆದರೂ ಪರರ ಕಾರ್ಖಾನೆಯ ಲೆಕ್ಕ ಕೇಳಿದ ಮೇಲೆ ನಮ್ಮ ಅಂಗಳದ ಲೆಕ್ಕ ಕೇಳದಿರುವುದು ಹೇಗೆ?

ಹುಡುಕಿದೆವು. ಹೆದ್ದಾರಿ ಬದಿಯಲ್ಲಿ ಅವರದ್ದೊಂದು ಚಹಾದಂಗಡಿಯಿದೆ. ನಮ್ಮನ್ನು ಕಂಡು ತುಂಬಾ ಸಂತೋಷಪಟ್ಟರು. ಸಾಹೇಬ್ರು ಒಳ್ಳೆಯವರು, ಡ್ರೈವಿಂಗ್ ಕಲಿಸಿದ್ದೂ ಅವರೇ ಎಂದರು. ಎರಡನೇ ಲೋಟ ಚಹಾ ಮುಗಿಯುವಾಗ, ಸಂಕೋಚದಿಂದ, "ಕೊನೆಯ ಎರಡು ವರ್ಷದ ಸಂಬಳ ಅವರ ಹತ್ರ ಜಮೆ ಇತ್ತು. ಲಾರಿ ಗುಜರಿಗೆ ಹೋದಾಗ ಸಾಹೇಬ್ರ ಕೈಯೂ ಬರಿದಾಗಿತ್ತು. ನಾನು ಕೇಳಲಿಲ್ಲ" ಎಂದರು.

ಮೃತರ ಸಾಲ ತೀರಿಸದೆ ಆಸ್ತಿ ಪಾಲು ಮಾಡಬಾರದೆಂದು ಬಾಲ್ಯದಿಂದ ಕೇಳಿ ಬೆಳೆದವರು ನಾವು. ಪಾಲಾಗಿ ಇಪ್ಪತ್ತು ವರ್ಷ ಕಳೆದಿದೆ. ಸಾಲವಿದೆಯೆಂದು ನಮಗೆ ತಿಳಿದಿರಲಿಲ್ಲ ಎನ್ನಬಹುದು. ವಿಚಾರಿಸಲಿಲ್ಲ ಎನ್ನುವುದು ಹೆಚ್ಚು ಸರಿ. ಒಡಹುಟ್ಟಿದವರೆಲ್ಲ ಸೇರಿ ಒಂದು ಮೊತ್ತ ನಿರ್ಧರಿಸಿ ತಲುಪಿಸಿದೆವು. ಅಂದಿನ ಎರಡು ವರ್ಷದ ಸಂಬಳ ಇಂದಿಗೆ ಎಷ್ಟಾಗುತ್ತದೆ? ಅದನ್ನು ಲೆಕ್ಕ ಹಾಕಲು ಬ್ಯಾಂಕಿನವರಿಗೆ ಸಾಧ್ಯ. ಓದದೆ ಉಳಿದ ಶಾಲೆಯ ಲೆಕ್ಕವನ್ನು ಯಾರೂ ಹಾಕಲಾರರು.

ನಕ್ಷತ್ರವನ್ನೂ ಒಯ್ದಿದ್ದೆವು. ಇದು ನಿಮ್ಮಲ್ಲಿರಲಿ ಎಂದಾಗ ಅವರು ಜೋರಾಗಿ ನಕ್ಕುಬಿಟ್ಟರು. "ಬೇಡಪ್ಪಾ, ಅದನ್ನು ತಿಕ್ಕಿ ತಿಕ್ಕಿ ಸಾಕಾಗಿದೆ. ನೀವೇ ಇಟ್ಕೊಳ್ಳಿ, ಈಗ ನೀವು ತಿಕ್ಕಿ" ಎಂದರು.

ಹಾಗಾಗಿ ಅದು ಮತ್ತೆ ನಮ್ಮ ಕಪಾಟಿಗೆ ಬಂದಿದೆ. ತಂಗಿಯ ಮಗಳಿಗೆ ಆ ಕೆಲಸ ಸಿಗಲಿಲ್ಲ, ಬೇರೆ ಕಡೆ ಸೇರಿದ್ದಾಳೆ. ಮನೆಗೆ ಬಂದವರು ಈಗಲೂ ಅದನ್ನು ನೋಡಿ ಕೇಳುತ್ತಾರೆ. ನಾವು ಬರ್ತಾಳಿಂದ ಆರಂಭಿಸಿ, ಗೆನ್ಸ್‌ಹಾಗೆನ್‌ನ ಮಹಿಳೆಯರನ್ನು ಬಿಡದೆ, ಚಹಾದಂಗಡಿಯವರೆಗೆ ಪೂರ್ತಿ ಹೇಳುತ್ತೇವೆ. ಒಳ್ಳೆಯದನ್ನಷ್ಟೇ ಹೇಳಿ ನಿಲ್ಲಿಸುವುದಾದರೆ ಅದನ್ನು ಕಪಾಟಿನಲ್ಲಿಡುವ ಹಕ್ಕು ನಮಗಿಲ್ಲ.