ಓಡಿಹೋಗದ ಮೀನು

ಅಮೆರಿಕೆಯ ಪಶ್ಚಿಮ ತೀರದಲ್ಲಿ, ಕ್ಯಾಲಿಫೋರ್ನಿಯದ ಮಾಂಟೆರೆ ಕೊಲ್ಲಿಯಿಂದ ಮೆಕ್ಸಿಕೋ ದೇಶದ ಬಾಹಾ ಕ್ಯಾಲಿಫೋರ್ನಿಯದವರೆಗೆ, ತಂಪು ನೀರಿನ ಬಂಡೆಗಳ ನಡುವೆ ಗ್ಯಾರಿಬಾಲ್ಡಿ ಎಂಬ ಮೀನು ವಾಸಿಸುತ್ತದೆ. ಇದರ ಬಳಗದ ಡ್ಯಾಮ್ಸೆಲ್ ಮೀನುಗಳಲ್ಲಿ ಹೆಚ್ಚಿನವು ಬೆಚ್ಚನೆಯ ಕಡಲಿನ ಹವಳದ ದಿಬ್ಬಗಳನ್ನು ಆಶ್ರಯಿಸಿದ ಪುಟ್ಟ ಜೀವಿಗಳು. ಇದಾದರೋ ಸುಮಾರು ಒಂದಡಿ ಬೆಳೆಯುವುದು. ಪ್ರಾಣಿಶಾಸ್ತ್ರಜ್ಞ ಗಿಲ್ 1861ರಲ್ಲಿ ಹೆಸರಿಸಿದ ಹಿಪ್ಸಿಪಾಪ್ಸ್ ಎಂಬ ಕುಲಕ್ಕೆ ಇದೊಂದೇ ಕುಡಿ. ಮೈಯೆಲ್ಲ ಉಜ್ಜ್ವಲ ಕಿತ್ತಳೆ ಬಣ್ಣ. ಇಟಲಿಯ ಐಕ್ಯಕ್ಕಾಗಿ ಹೋರಾಡಿದ ಗ್ಯಾರಿಬಾಲ್ಡಿಯ ಕೆಂಪಂಗಿಯ ಪಡೆಯನ್ನು ನೆನೆದು ಈ ಹೆಸರು ಬಂದಿತು.

ಗಂಡು ಮೀನು ಬಂಡೆಯ ಒಂದು ಮೈಯನ್ನು ಆರಿಸಿಕೊಂಡು, ಅಲ್ಲಿನ ಕಸವನ್ನೆಲ್ಲ ಬಾಯಿಂದ ಕಿತ್ತೆಸೆದು, ಕೆಂಪು ಪಾಚಿಯನ್ನು ಮಾತ್ರ ಒಪ್ಪವಾಗಿ ಉಳಿಸುವುದು. ನಕ್ಷತ್ರಮೀನು ತೆವಳಿ ಬಂದರೆ ಅದನ್ನೂ ಕಚ್ಚಿ ಹೊರಗೊಯ್ಯುವುದು. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಮುಂದಿನ ಎರಡು ಮೂರು ವಾರಗಳ ಕಾವಲು ತಂದೆಯದು. ಎದುರಿಗೆ ಬಂದವನು ಮನುಷ್ಯನೇ ಆಗಲಿ, ಅದು ಗೂಡು ಬಿಟ್ಟು ಓಡದು, ಮೇಲೇರಿ ಬರುವುದು.

ಕಾಸರಗೋಡು ಸೀಮೆಯ ಕಡಲಂಚಿನ ಶಾಲೆಯಲ್ಲಿ ನಾವು ಇದನ್ನು ವರ್ಣಿಸುತ್ತಿದ್ದೆವು. ಧೈರ್ಯದ ಪಾಠವೊಂದು ದೊರೆಯಿತೆಂಬ ಹಿಗ್ಗು ನಮಗಿತ್ತು. ಆಗ ಬೆಸ್ತರ ಮನೆಯ ಹುಡುಗನೊಬ್ಬನು, "ಓಡದ ಮೀನನ್ನು ಹಿಡಿಯುವುದು ಬಹಳ ಸುಲಭವಲ್ಲವೇ, ಮೇಷ್ಟ್ರೇ?" ಎಂದನು.

ಪ್ರಶ್ನೆ ಮರ್ಮಕ್ಕೆ ತಾಗಿತು. ಇತರ ಮೀನುಗಳ ಮುಂದೆ ಗೂಡನ್ನು ಕಾಯುವ ಗುಣವೇ ಈಟಿ ಹಿಡಿದವನ ಮುಂದೆ ಅದಕ್ಕೆ ಮೃತ್ಯುವಾಗಬಲ್ಲುದು. ಕ್ಯಾಲಿಫೋರ್ನಿಯ ರಾಜ್ಯವು 1995ರಲ್ಲಿ ಇದನ್ನು ತನ್ನ ಸಮುದ್ರಮತ್ಸ್ಯವೆಂದು ಘೋಷಿಸಿತು. ಅಲ್ಲಿನ ನೀರಿನಲ್ಲಿ ಇದನ್ನು ಹಿಡಿಯುವುದು ಕಾನೂನಿಗೆ ವಿರುದ್ಧ. ಮೀನಿಗೆ ಧೈರ್ಯವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಕೈ ತಡೆಯುವುದನ್ನು ಮನುಷ್ಯನಿಗೆ ಕಲಿಸಬೇಕಾಯಿತು.

ಉಪಾಧ್ಯಾಯರಾದ ನಾವು ದಿಟ್ಟತನವನ್ನು ಎಳೆಯರಿಗೆ ಬೋಧಿಸುವುದೇ ಹೆಚ್ಚು. ಎದುರು ನಿಂತ ಎಳೆಯರ ಮೇಲೆ ಬಲವುಳ್ಳವರು ನಾವೇ ಎಂಬುದನ್ನು ನೆನೆಯುವುದು ಕಡಮೆ.

ಹುಡುಗನ ಮಾತು ಅಲ್ಲಿಗೇ ಮುಗಿಯಲಿಲ್ಲ. ನಮ್ಮ ಕಡಲಿನ ಮೀಸೆಯ ತೇಡೆ ಮೀನಿನ ಬಾಯಲ್ಲಿ ಗೋಲಿಯಂತಹ ಮೊಟ್ಟೆಗಳನ್ನು ತನ್ನ ತಂದೆ ಕಂಡಿದ್ದಾನೆಂದನು. ಅದೂ ಗಂಡೇ, ಮೊಟ್ಟೆಯೊಡೆಯುವವರೆಗೆ ಉಪವಾಸವಿದ್ದು ಕಾಯುವುದೆಂದು ನಾವು ತಿಳಿಸಿದೆವು. ಅವನು ತುಸು ಹೊತ್ತು ಸುಮ್ಮನಿದ್ದು, "ಈ ಸಂಜೆ ಅಪ್ಪನಿಗೆ ಹೇಳುತ್ತೇನೆ" ಎಂದು ಕುಳಿತುಕೊಂಡನು.